ಅನ್ಸೆಲ್ಮೊನ ಶೇಕಡ ಅರವತ್ತೆರಡು

ಸಾಂತಾ ರೂಫಿನಾದಲ್ಲಿ ಅನ್ಸೆಲ್ಮೊ ಇತುರ್ರಾಲ್ದೆಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಊರಿನ ಧಾನ್ಯ ಸಹಕಾರ ಸಂಘದಲ್ಲಿ ಮೂವತ್ತೊಂದು ವರ್ಷ ತೂಕದ ಗುಮಾಸ್ತನಾಗಿದ್ದ ಅವನಿಗೆ ಜನ ಇಟ್ಟಿದ್ದ ಹೆಸರು ತಕ್ಕಡಿ ಮುಳ್ಳು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಬಹಳ ಹೆಮ್ಮೆ. ಗೋಧಿ, ಬಾರ್ಲಿ ತುಂಬಿದ ಲಾರಿ ಬಂದು ತೂಕದ ಕಟ್ಟೆಯ ಮೇಲೆ ನಿಂತರೆ ಅವನು ರೈತನ ಮುಖ ನೋಡುತ್ತಿರಲಿಲ್ಲ, ಮುಳ್ಳನ್ನಷ್ಟೇ ನೋಡುತ್ತಿದ್ದ. ಸ್ವಂತ ತಮ್ಮನ ಲಾರಿಯಾದರೂ ಅಷ್ಟೆ. ಇಷ್ಟು ವರ್ಷದಲ್ಲಿ ತಾನು ಯಾರಿಗೂ ಒಂದು ಕಾಳಿನಷ್ಟು ಮೋಸ ಮಾಡಿಲ್ಲ, ತನಗೂ ಯಾರೂ ಮಾಡಲಾಗಲಿಲ್ಲ ಎಂಬ ಎರಡು ಮಾತಿನ ಮೇಲೆ ಅವನ ಬದುಕು ನಿಂತಿತ್ತು.

ನಿವೃತ್ತಿಯ ದಿನ ಸಂಘದವರು ಅವನಿಗೆ ಕೈಗಡಿಯಾರ ಕೊಡಲಿಲ್ಲ. ಅಂಗಡಿ ಕಟ್ಟೆಯ ಮೇಲೆ ಬಿಡಿ ಬೀಜ, ಕೋಳಿ ಮೇವು ತೂಗುತ್ತಿದ್ದ ಹಳೆಯ ತಕ್ಕಡಿಯನ್ನೇ ಕೊಟ್ಟರು. ಒಂದು ಕಡೆ ತಗಡಿನ ದೊಡ್ಡ ತಟ್ಟೆ, ಇನ್ನೊಂದು ಕಡೆ ಗುರುತು ಕೊರೆದ ಉದ್ದನೆಯ ಕೋಲು, ಕೋಲಿನ ಮೇಲೆ ಅತ್ತಿತ್ತ ಸರಿಸುವ ಮುಷ್ಟಿಗಾತ್ರದ ಕಬ್ಬಿಣದ ಗುಂಡು. ಕಮ್ಮಾರ ಸೆಫೆರೀನೊ ಅದನ್ನು ಉಜ್ಜಿ ಬೆಳಗಿ, ಗುಂಡಿನ ಮೇಲೆ ಹಿತ್ತಾಳೆ ಫಲಕ ಕೂರಿಸಿದ್ದ. ‘ಒಂದು ಗ್ರಾಮೂ ತಪ್ಪದವನಿಗೆ’ ಎಂದು ಅದರ ಮೇಲೆ ಕೊರೆಸಿದ್ದರು. ಅನ್ಸೆಲ್ಮೊ ಅದನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ತಂದ. ದಾರಿಯ ಕುಲುಕಾಟಕ್ಕೋ ಏನೋ ಖಾಲಿ ಕೋಲು ಕೊಂಚ ವಾಲುತ್ತಿತ್ತು. ತಿರುಪು ತಿರುಗಿಸಿ ಸೊನ್ನೆಗೆ ತಂದ. ಹಿತ್ತಿಲ ಜಗಲಿಯಲ್ಲಿ ಇಟ್ಟ.

ಆಮೇಲೆ ತೂಗಲು ಏನೂ ಇರಲಿಲ್ಲ. ಹೆಂಡತಿ ಸುಲೇಮಾ ತಂದ ಈರುಳ್ಳಿ ತೂಗಿದ, ಮೈದಾ ತೂಗಿದ, ಬೆಕ್ಕನ್ನು ತೂಗಿದ. ಮೂರು ತಿಂಗಳು ಸಹಿಸಿದ ಸುಲೇಮಾ ಒಂದು ದಿನ ತಾನೇ ಹೋಗಿ ಅವನ ಹೆಸರನ್ನು ಬಿಯರು ಮಾಡುವವರ ಕ್ಲಬ್ಬಿಗೆ ಬರೆಸಿ ಬಂದಳು.

ತಿಂಗಳ ಮೊದಲ ಭಾನುವಾರ ಬೆನಿಗ್ನೊ ಎಚೆವರ್ರಿಯ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ಕ್ಲಬ್ಬು ಸೇರುತ್ತಿತ್ತು. ಬೆನಿಗ್ನೊ ಬಾರ್ಲಿ ಬೆಳೆಯುವ ರೈತ, ಕ್ಲಬ್ಬಿನ ಅಧ್ಯಕ್ಷ, ಕೆಂಡದ ಮೇಲೆ ಪಕ್ಕೆಲುಬು ಸುಡುವುದರಲ್ಲಿ ಎತ್ತಿದ ಕೈ. ಎಲ್ಲರೂ ತಾವು ಮನೆಯಲ್ಲಿ ಮಾಡಿದ ಬಿಯರು ತರುತ್ತಿದ್ದರು, ಕುಡಿಯುತ್ತಿದ್ದರು, ಹೊಗಳುತ್ತಿದ್ದರು. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿತ್ತು: ಹೆಸರು, ಬಿಯರಿನ ಜಾತಿ, ಅದರ ಅಮಲಿನ ಖಾರ, ಕೊನೆಯಲ್ಲಿ ಇಳುವರಿ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಬಿಸಿನೀರಲ್ಲಿ ನೆನೆಸಿದರೆ ಅದರ ಹಿಟ್ಟು ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಕಾಳಿನಲ್ಲಿದ್ದ ಸಕ್ಕರೆಯಲ್ಲಿ ನೂರಕ್ಕೆ ಎಷ್ಟು ಪಾಲು ನೀರಿಗೆ ಬಂತು ಎಂಬುದೇ ಇಳುವರಿ. ಉಳಿದವರು ಆ ಹಾಳೆಯನ್ನು ಕೈ ಒರೆಸಿಕೊಂಡ ಮೇಲೆ ಒಮ್ಮೆ ನೋಡಿದರೆ ಹೆಚ್ಚು. ತಾನೂ ಮಾಡಲು ಕಲಿತು ಮೊದಲ ಬಿಯರು ತಂದ ದಿನ ಅನ್ಸೆಲ್ಮೊ ಬಿಯರನ್ನು ಬಿಟ್ಟು ಹಾಳೆಯನ್ನೇ ಓದಿದ. ತನ್ನ ಹೆಸರಿನ ಮುಂದೆ ಅರವತ್ತೆರಡು. ಉಳಿದವರದು ಎಪ್ಪತ್ತು, ಎಪ್ಪತ್ತೈದು. ಊರಂಚಿನ ಡೇನಿಷ್ ವಿಧವೆ ಬಿರ್ಗಿಟ್ ಮಾಡ್ಸೆನ್‌ಳದು ಎಂಬತ್ನಾಲ್ಕು.

ಅನ್ಸೆಲ್ಮೊನ ಬಿಯರು ಹಗುರವಾಗಿ ತಿಳಿಯಾಗಿ ಇತ್ತು. ಬೇಸಗೆಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಎಲ್ಲರೂ ಅದನ್ನೇ ಮೊದಲು ಮುಗಿಸುತ್ತಿದ್ದರು. ಅದು ಅವನ ಕಿವಿಗೆ ಬೀಳಲಿಲ್ಲ. ಎಷ್ಟು ಕಾಳು ಕೊಟ್ಟೆ, ಎಷ್ಟು ಸಿಹಿ ಬಂತು, ಮಿಕ್ಕ ಮೂವತ್ತೆಂಟು ಎಲ್ಲಿಗೆ ಹೋಯಿತು ಎಂಬುದಷ್ಟೇ ಅವನ ತಲೆಯಲ್ಲಿ ಕೂತಿತು. ಬಿರ್ಗಿಟ್‌ಳ ಗೇಟಿನ ತನಕ ಹೋಗಿ ಗುಟ್ಟೇನೆಂದು ಕೇಳಿದ. ಚೆನ್ನಾಗಿ ಕಲಕುತ್ತೇನೆ ಎಂದಳು ಅವಳು. ಅನ್ಸೆಲ್ಮೊ ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

ಮೊದಲಿಗೆ ಗಿರಣಿಗೆ ಕೈ ಹಾಕಿದ. ನುಚ್ಚು ಸಣ್ಣಗಾದಷ್ಟೂ ಸಿಹಿ ಜಾಸ್ತಿ ಇಳಿಯುತ್ತದೆ ಎಂದು ಓದಿ, ಎರಡು ಉರುಳೆಗಳ ನಡುವಿನ ಸಂದನ್ನು ಉಗುರೂ ತೂರದಷ್ಟು ಬಿಗಿ ಮಾಡಿದ. ಬಾರ್ಲಿ ಹಿಟ್ಟಾಯಿತು. ತಳದಲ್ಲಿ ತೂತಿನ ತಟ್ಟೆ ಇಟ್ಟ, ಶಾಖ ಆರಗೊಡದ ಐಸ್‌ಪೆಟ್ಟಿಗೆಗೆ ಹಾಕಿ ಬಿಸಿನೀರು ಹೊಯ್ದು ಒಂದು ಗಂಟೆ ಬಿಟ್ಟು ನಲ್ಲಿ ತಿರುಗಿಸಿದರೆ ಒಂದು ಹನಿ ಇಳಿಯಲಿಲ್ಲ. ಒಳಗೆ ಅಂಬಲಿಯಂತೆ ಕಚ್ಚಿಕೊಂಡಿತ್ತು. ನಲ್ಲಿಗೆ ಕೊಳವೆ ಸಿಕ್ಕಿಸಿ ಊದಿದ, ತುಟಿ ಸುಟ್ಟುಕೊಂಡ. ಸುಲೇಮಾ ಬಂದು ಇಣುಕಿ ನೋಡಿದಳು.

“ಇದನ್ನ ಕೋಳಿಗೆ ಹಾಕೋದಾ, ಗೋಡೆಗೆ ಮೆತ್ತೋದಾ?”

ಅನ್ಸೆಲ್ಮೊ ಪೆಟ್ಟಿಗೆ ಮಗುಚಿ ತೊಳೆದ. ಮುಂದಿನ ಸಲ ಗಿರಣಿಗೆ ಹಾಕುವ ಮೊದಲು ಕಾಳಿನ ಮೇಲೆ ಎರಡು ಹಿಡಿ ನೀರು ಚಿಮುಕಿಸಿದ. ಸಿಪ್ಪೆ ಮೆತ್ತಗಾಗಿ ಮುರಿಯದೆ ಉಳಿಯಿತು, ಒಳಗಿನ ಕಾಳು ನುಣ್ಣಗಾಯಿತು, ಆ ಸಿಪ್ಪೆಯೇ ಜರಡಿಯಾಗಿ ರಸವನ್ನು ಸರಾಗವಾಗಿ ಬಿಟ್ಟಿತು. ಅರವತ್ತೈದು. ಆಮೇಲೆ ನೀರು. ಊರಿನ ಬಾವಿನೀರು ಗಡಸು, ಕೆಟಲಿನ ಒಳಗೆಲ್ಲ ಸುಣ್ಣದ ಚಕ್ಕೆ ಕಟ್ಟುವಂಥದ್ದು. ಹುಳಿ ಅಳೆಯುವ ಬಣ್ಣದ ಕಾಗದ ಅದ್ದಿ ನೋಡಿ, ಔಷಧಿ ಅಂಗಡಿಯಿಂದ ಹಾಲಿನ ಹುಳಿಯ ಆಮ್ಲ ತಂದು ಹನಿ ಎಣಿಸಿ ಬಿಟ್ಟ. ಅರವತ್ತೆಂಟು. ಬಿರ್ಗಿಟ್‌ಳ ಮಾತಿನಂತೆ ಗಂಟಿಲ್ಲದ ಹಾಗೆ ಕಲಕಿದ. ಅರವತ್ತೊಂಬತ್ತು. ಕೊನೆಗೆ, ರಸ ಇಳಿಸಿದ ಮೇಲೆ ಉಳಿದ ಚರಟದ ಮೇಲೆ ಬಿಸಿನೀರನ್ನು ಸೌಟು ಸೌಟಾಗಿ ಹೊಯ್ಯುತ್ತ, ಒಂದೂವರೆ ಗಂಟೆ ಮಣೆಯ ಮೇಲೆ ಕೂತು ಮಾತೆ ಸೊಪ್ಪಿನ ಕಷಾಯ ಹೀರುತ್ತ, ಅಂಟಿಕೊಂಡ ಕೊನೆಯ ಸಿಹಿಯನ್ನೂ ತೊಳೆದ. ಎಪ್ಪತ್ತೆರಡು. ಅಲ್ಲಿಗೆ ನಿಂತುಬಿಟ್ಟಿತು. ಒಂದೂವರೆ ವರ್ಷ ಕಳೆದಿತ್ತು.

ಒಂದು ವಿಷಯ ಮಾತ್ರ ಅವನಿಗೆ ಸಮಾಧಾನ ಕೊಡುತ್ತಿತ್ತು. ತ್ರೆಸ್ ಆರೋಯೊಸ್ ಪಟ್ಟಣದಿಂದ ಬರುವ ಇಪ್ಪತ್ತೈದು ಕಿಲೊ ಮಾಲ್ಟ್ ಚೀಲ ಅವನಿಗೆ ಆರು ಸಲಕ್ಕೆ ಬರುತ್ತಿತ್ತು. ಪ್ರತಿ ಸಲ ತಕ್ಕಡಿಯಲ್ಲಿ ಐದು ಕಿಲೊ ತೂಗಿಯೇ ತೆಗೆಯುತ್ತಿದ್ದ. ಐದೈದಲ ಇಪ್ಪತ್ತೈದಲ್ಲವೇ ಎಂದು ಸುಲೇಮಾ ಒಮ್ಮೆ ಕೇಳಿದಳು. ಮರ್ಯಾದಸ್ತರಿಗೆ ವ್ಯಾಪಾರಿ ಕೈ ಬಿಟ್ಟು ತುಂಬುತ್ತಾನೆ ಎಂದು ಅನ್ಸೆಲ್ಮೊ ಹೇಳಿದ.

ಹೀಗಿರುವಾಗ ಸುಲೇಮಾಳ ಅಣ್ಣನ ಮಗಳು ಮಾರಿಸೆಲ್ ಎರಡು ತಿಂಗಳ ಹೆಣ್ಣು ಕೂಸನ್ನು ಎತ್ತಿಕೊಂಡು ಒಂದು ಭಾನುವಾರ ಊಟಕ್ಕೆ ಬಂದಳು. ಮಾವನ ತಕ್ಕಡಿಯಲ್ಲಿ ತೂಗಿಸದೆ ಹೋದರೆ ಮಾವನಿಗೆ ಬೇಜಾರಾಗುತ್ತದೆ ಎಂದು ಅವಳಿಗೂ ಗೊತ್ತು. ತಟ್ಟೆಗೆ ಕಂಬಳಿ ಹಾಸಿ ಮಲಗಿಸಿದರು. ಕಂಬಳಿ ಕಳೆದು ಸರಿಯಾಗಿ ಆರು ಕಿಲೊ. ಕೂಸಿನ ಅಪ್ಪನ ಕಡೆಯ ಮೂಳೆ ಎಂದು ಅನ್ಸೆಲ್ಮೊ, ನಮ್ಮ ಕಡೆಯದು ಎಂದು ಸುಲೇಮಾ ಸ್ವಲ್ಪ ಹೊತ್ತು ವಾದ ಮಾಡಿದರು. ಮಾರನೆಯ ದಿನ ಆರೋಗ್ಯ ಕೇಂದ್ರದಲ್ಲಿ ನರ್ಸು ತೂಗಿ ಐದು ಕಿಲೊ ಎಂದಳು. ಒಂದೇ ದಿನದಲ್ಲಿ ಕೂಸು ಒಂದು ಕಿಲೊ ಇಳಿದಿದೆ ಎಂದು ಮಾರಿಸೆಲ್ ಅಳುತ್ತ ಬಂದಳು.

“ಮಗು ಚೆನ್ನಾಗಿದೆ ಕಣಮ್ಮಾ,” ಅಂದ ಅನ್ಸೆಲ್ಮೊ. “ಕೆಟ್ಟಿರೋದು ಅವರ ತಕ್ಕಡಿ. ನಾನೇ ಹೋಗಿ ತೋರಿಸಿ ಬರ್ತೀನಿ.”

ಟೈ ಕಟ್ಟಿಕೊಂಡ. ಅಡುಗೆಮನೆಯಿಂದ ಮಾತೆ ಸೊಪ್ಪಿನ ಒಂದೊಂದು ಕಿಲೊ ಪೊಟ್ಟಣ ಐದನ್ನು, ಮೊಹರು ಒಡೆಯದ್ದನ್ನೇ ಆರಿಸಿ, ಚೀಲಕ್ಕೆ ಹಾಕಿಕೊಂಡ. ಆರೋಗ್ಯ ಕೇಂದ್ರದಲ್ಲಿ ಬಸುರಿಯರ ಸಾಲಿನಲ್ಲಿ ಕೂತು ಸರದಿ ಬಂದಾಗ ಪೊಟ್ಟಣಗಳನ್ನು ಕೂಸಿನ ತಕ್ಕಡಿಯ ಮೇಲೆ ಜೋಡಿಸಿದ. ಐದು ಕಿಲೊ, ಮೇಲೆ ಕಾಗದದ ತೂಕ ಚೂರು. ನರ್ಸು ಒಳ್ಳೆಯವಳು, ನಗಲಿಲ್ಲ. ಮನೆಗೆ ಬಂದು ಅವೇ ಐದು ಪೊಟ್ಟಣವನ್ನು ತನ್ನ ತಕ್ಕಡಿಗೆ ಹಾಕಿದ. ಗುಂಡನ್ನು ಸರಿಸಿ, ಇನ್ನೂ ಸರಿಸಿ, ಕೋಲು ನೆಟ್ಟಗಾದಾಗ ನೋಡಿದರೆ ಆರು ಕಿಲೊ. ತೆಗೆದು ಮತ್ತೆ ಹಾಕಿದ. ಹಿಂದುಮುಂದು ಮಾಡಿ ಹಾಕಿದ. ಆಮೇಲೆ ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಕುರ್ಚಿಯಲ್ಲಿ ಕೂತ.

ಮೂವತ್ತೊಂದು ವರ್ಷ ತೂಗಿದವನಿಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಗುಂಡು ಹಗುರವಾಗಿದ್ದರೆ ಅದನ್ನು ದೂರ ಸರಿಸಬೇಕು, ದೂರ ಸರಿಸಿದರೆ ತೂಕ ಹೆಚ್ಚು ತೋರಿಸುತ್ತದೆ. ಗುಂಡು ಹಗುರವಾಗಿತ್ತು. ಕೋಲಿನ ತುದಿಯಲ್ಲಿ, ಸಂಘದಲ್ಲಿದ್ದಾಗ ತೂಕ ಸರಿಯಿದೆ ಎಂದು ಅವನೇ ತನ್ನ ಹೆಸರಿನ ಎರಡಕ್ಷರ ಒತ್ತಿದ ಸೀಸದ ಮುದ್ರೆ ಹಾಗೇ ನೇತಾಡುತ್ತಿತ್ತು, ಯಾರೂ ಮುಟ್ಟಿದ ಗುರುತಿಲ್ಲ. ಹಾಗಾದರೆ ಮುದ್ರೆ ಒತ್ತಿದಾಗಲೇ ತಕ್ಕಡಿ ಸುಳ್ಳು ಹೇಳುತ್ತಿತ್ತು. ಒಂದು ಕಿಲೊ ಬೀಜ ಕೇಳಿದವರಿಗೆ, ಒಂದು ಕಿಲೊ ಕೋಳಿ ಮೇವು ಕೇಳಿದ ಮುದುಕಿಯರಿಗೆ, ಅವನು ವರ್ಷಗಟ್ಟಲೆ ಮುಕ್ಕಾಲು ಕಿಲೊಗಿಂತ ತುಸು ಹೆಚ್ಚು ಕೊಟ್ಟು ಕಳಿಸಿದ್ದ. ಅದೂ ಮುಳ್ಳಿನಿಂದ ಕಣ್ಣು ಕೀಳದೆ.

ಕೋಳಿ ಮೇವನ್ನು ವಾರ ತಪ್ಪದೆ ಕೊಳ್ಳುತ್ತಿದ್ದವಳು ಬಿರ್ಗಿಟ್. ಅನ್ಸೆಲ್ಮೊ ಮೊದಲು ಅಲ್ಲಿಗೇ ಹೋದ. ಅವಳು ಕೋಳಿಗೂಡಿನ ಮುಂದೆ ಬಕೆಟ್ಟು ಹಿಡಿದು ನಿಂತಿದ್ದಳು.

“ಬಿರ್ಗಿಟ್, ನಾನು ನಿಮಗೆ ಇಷ್ಟು ವರ್ಷ ಕಡಿಮೆ ತೂಕ ಕೊಟ್ಟಿದ್ದೀನಿ.”

ಅವಳು ಕೊನೆಯ ತನಕ ಕೇಳಿಸಿಕೊಂಡಳು. “ಕೋಳಿಗಳು ಬದುಕಿದ್ವಲ್ಲ,” ಅಂದಳು. ಆಮೇಲೆ ಅವನ ಮುಖ ನೋಡಿ ಅಯ್ಯೋ ಅನಿಸಿರಬೇಕು. “ನಾನೂ ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಎಂಬತ್ನಾಲ್ಕು ಇದ್ಯಲ್ಲ, ಅದು ನನ್ನ ಮನೆ ನಂಬರು.”

“ಅಂದ್ರೆ?”

“ಬೆನಿಗ್ನೊ ಹಾಳೆ ತಂದು, ಇಳುವರಿ ಜಾಗ ಖಾಲಿ ಬಿಡಬೇಡಿ, ಏನಾದ್ರೂ ಬರೀರಿ ಅಂದ. ನಂಗೆಲ್ಲಿ ಆ ಲೆಕ್ಕ ಬರುತ್ತೆ? ಎದುರಿಗೆ ಗೇಟ್ ಮೇಲೆ ಕಾಣ್ತಿತ್ತು, ಬರೆದೆ. ಆಮೇಲೆ ಬದಲಾಯಿಸೋಕೆ ನಾಚಿಕೆ ಆಯ್ತು.”

“ಚೆನ್ನಾಗಿ ಕಲಕ್ತೀನಿ ಅಂದಿದ್ರಲ್ಲ.”

“ಕಲಕ್ತೀನಪ್ಪ. ಕಲಕದೇ ಇರೋರು ಯಾರು?”

ಅನ್ಸೆಲ್ಮೊ ಹೊರಗೆ ಬಂದು ಗೇಟು ಹಾಕುವಾಗ ತಗಡಿನ ಮೇಲಿನ ನೀಲಿ ಅಂಕಿಗಳನ್ನು ನೋಡಿದ. ಆ ಗೇಟಿಗೆ ಕೈ ಊರಿ ನಿಂತು ಅವನು ಆ ಗುಟ್ಟನ್ನು ಕೇಳಿದ್ದ.

ಮುಂದಿನ ಭಾನುವಾರ ಕ್ಲಬ್ಬಿನಲ್ಲಿ, ಮಾಂಸ ತಟ್ಟೆಗೆ ಬೀಳುವ ಮೊದಲೇ, ಎದ್ದು ನಿಂತು ಎಲ್ಲರೆದುರು ಹೇಳಿಬಿಟ್ಟ. ತನ್ನ ತಕ್ಕಡಿ ಸುಳ್ಳಿನದು, ತಾನು ಮುದ್ರೆ ಒತ್ತಿದ್ದು ಸುಳ್ಳಿನ ಮೇಲೆ, ಊರಿನ ಕ್ಷಮೆ ಕೇಳುತ್ತೇನೆ ಎಂದ. ಬೈಯುತ್ತಾರೆ ಎಂದುಕೊಂಡಿದ್ದ. ಒಂದಿಬ್ಬರು ಎದ್ದು ಹೋಗಬಹುದು, ಬೆನಿಗ್ನೊ ಇನ್ನು ಬರಬೇಡ ಎನ್ನಬಹುದು ಎಂದುಕೊಂಡು, ಅದಕ್ಕೆಲ್ಲ ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದ. ಬೆನಿಗ್ನೊ ಕೆಂಡ ಕೆದಕುತ್ತ ತಲೆ ಎತ್ತಿದ.

“ಇಷ್ಟೇನಾ? ನಾನು ಸುಲೇಮಾಗೆ ಹುಷಾರಿಲ್ವೇನೋ ಅಂತ ಹೆದರಿದ್ದೆ. ಅನ್ಸೆಲ್ಮೊ, ಸಂಘದ ತಕ್ಕಡಿ ತೂಕ ಕಚ್ಚುತ್ತೆ ಅಂತ ಯಾರಿಗೆ ಗೊತ್ತಿರ್ಲಿಲ್ಲ ಹೇಳು.”

“ನೀವೇ ನನ್ನನ್ನ ತಕ್ಕಡಿ ಮುಳ್ಳು ಅಂತ ಕರೀತಿದ್ರಲ್ಲ.”

“ಮುಳ್ಳು ಚುಚ್ಚುತ್ತೆ ಅಲ್ವಾ.”

ಎಲ್ಲರೂ ನಕ್ಕರು, ಪ್ರೀತಿಯಿಂದಲೇ. ಯಾರೋ ಬೆನ್ನು ತಟ್ಟಿದರು, ಒಳ್ಳೆಯ ತುಂಡನ್ನು ಅವನ ತಟ್ಟೆಗೆ ಹಾಕಿದರು. ಅನ್ಸೆಲ್ಮೊ ಅದನ್ನು ಮುಟ್ಟದೆ ತಟ್ಟೆ ಪಕ್ಕಕ್ಕಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮೂವತ್ತೊಂದು ವರ್ಷವೂ ತನ್ನನ್ನು ಇವರು ನಂಬಿರಲಿಲ್ಲ, ನಂಬದೆಯೇ ದಿನಾ ನಮಸ್ಕಾರ ಹೇಳಿ ಹೋಗುತ್ತಿದ್ದರು ಎಂಬುದು ಅವನಿಗೆ ಕಳ್ಳ ಅನಿಸಿಕೊಳ್ಳುವುದಕ್ಕಿಂತ ಕಷ್ಟವಾಯಿತು.

ಮನೆಗೆ ಬಂದವನು ದುಃಖವನ್ನೆಲ್ಲ ಬಿಯರಿಗೆ ಹಾಕಿದ. ಐದು ಮಾತೆ ಪೊಟ್ಟಣ ಇಟ್ಟು ಕೋಲಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಆ ಗೆರೆಗೆ ಸರಿಯಾಗಿ ಮಾಲ್ಟ್ ತೂಗಿದ. ಹುಟ್ಟಿದ ಮೇಲೆ ಮೊದಲ ಸಲ ಅವನ ಪೆಟ್ಟಿಗೆಗೆ ನಿಜವಾದ ಐದು ಕಿಲೊ ಬಿತ್ತು. ನೀರು ಚಿಮುಕಿಸಿದ್ದು, ಹುಳಿ ಬಿಟ್ಟಿದ್ದು, ಕಲಕಿದ್ದು, ಸೌಟು ಸೌಟಾಗಿ ತೊಳೆದದ್ದು, ಯಾವುದನ್ನೂ ಬಿಡಲಿಲ್ಲ. ರಸದಲ್ಲಿ ಸಿಹಿ ಅಳೆಯುವ ಗಾಜಿನ ತೇಲುಕಡ್ಡಿ ಬಿಟ್ಟು ಲೆಕ್ಕ ಹಾಕಿದರೆ ಎಂಬತ್ತಾರು. ಹಳೆಯ ಪುಟಗಳನ್ನೂ ತಿದ್ದಿ ಲೆಕ್ಕ ಹಾಕಿದ. ಮೊದಮೊದಲಿನ ಅವಮಾನದ ಅರವತ್ತೆರಡು ನಿಜಕ್ಕೆ ಎಪ್ಪತ್ನಾಲ್ಕು ಆಗಿತ್ತು, ಕ್ಲಬ್ಬಿನಲ್ಲಿ ಉಳಿದವರಿಗೆ ಸರಿಸಮನಾದ ಎಪ್ಪತ್ನಾಲ್ಕು. ಒಂದೂವರೆ ವರ್ಷ ಅವನು ಇಲ್ಲದ ರೋಗಕ್ಕೆ ಮದ್ದು ಮಾಡಿದ್ದ. ಮದ್ದು ಮಾತ್ರ ಚೆನ್ನಾಗಿಯೇ ಕೆಲಸ ಮಾಡಿತ್ತು.

ತಿಂಗಳಾದ ಮೇಲೆ ಆ ಬಿಯರನ್ನು ಮೊದಲು ಕುಡಿದವನು ಬೆನಿಗ್ನೊ. ಎರವಲು ಒಯ್ದಿದ್ದ ಬಿರಡೆ ಒತ್ತುವ ಯಂತ್ರವನ್ನು ಕೊಡುವ ನೆಪದಲ್ಲಿ ಒಂದು ಮಧ್ಯಾಹ್ನ ಬಂದ. ಅನ್ಸೆಲ್ಮೊನ ಹಗುರ ಬಿಯರು ತಾನೇ ಎಂದು ಎರಡು ಲೋಟ ನೀರಿನಂತೆ ಇಳಿಸಿದ. ಇದು ಅದಕ್ಕಿಂತ ಎಷ್ಟೋ ಖಾರದ್ದು ಎಂದು ತಿಳಿಯುವ ಹೊತ್ತಿಗೆ ಮೂರನೆಯದು ಅರ್ಧ ಆಗಿತ್ತು. ಲೋಟ ಕೆಳಗಿಟ್ಟ.

“ನಮ್ಮ ಭಾವಮೈದ ಗೊತ್ತಲ್ಲ, ಲಾಲೊ.”

“ಆ ದಪ್ಪಗಿರೋನು.”

“ನೂರಾ ಹತ್ತು ಕಿಲೊ. ನಂಗೆ ಸರಿಯಾಗಿ ಗೊತ್ತು. ಹನ್ನೊಂದು ಸುಗ್ಗಿ ಅವನನ್ನ ಬಾರ್ಲಿ ಅಂತ ನಿಂಗೆ ಮಾರಿದ್ದೀನಿ.”

ಲಾರಿ ತುಂಬಿಸಿಕೊಂಡು ತೂಕಕ್ಕೆ ಬಂದಾಗ ಲಾಲೊ ಟಾರ್ಪಾಲಿನ ಕೆಳಗೆ ಕಾಳಿನ ಮೇಲೆ ಮಲಗಿರುತ್ತಿದ್ದನಂತೆ. ಲಾರಿ ಕಣಜದ ಹಿಂದೆ ತಿರುಗುವಾಗ ಇಳಿದು ಹೋಗುತ್ತಿದ್ದನಂತೆ. ಖಾಲಿ ಲಾರಿಯ ತೂಕದಲ್ಲಿ ಅವನಿರುತ್ತಿರಲಿಲ್ಲ. ಒಂದು ಸಲ ಒಳಗೆ ಸೀನಿಬಿಟ್ಟ, ನೀನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ ಎಂದು ಬೆನಿಗ್ನೊ ಕಣ್ಣು ಒರೆಸಿಕೊಂಡ. ನಿನ್ನ ತಕ್ಕಡಿ ಕಚ್ಚುತ್ತದೆ, ಅದಕ್ಕೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ನೀನೇ ಎದ್ದು ಒಪ್ಪಿಕೊಂಡ ಮೇಲೆ ನಾನು ಸುಮ್ಮನಿರುವುದು ಹೇಗೆ ಎಂದ.

ಅವನು ಹೋಗಿ ಹೇಳಿದನೋ, ಬಿಯರಿನ ಸುದ್ದಿ ಹಬ್ಬಿತೋ, ಆ ವಾರದಿಂದ ಹಿತ್ತಿಲ ಜಗಲಿಗೆ ಜನ ಬರತೊಡಗಿದರು. ಒಬ್ಬ ರೈತ ತೂಕದ ಹಿಂದಿನ ದಿನ ಗೋಧಿಗೆ ಪೈಪು ಹಿಡಿದು ನೀರು ಬಿಡುತ್ತಿದ್ದೆ ಎಂದ. ಅಂಚೆ ಕಚೇರಿಯ ಅರ್ಮಿಂದಾ, ಮಿಕ್ಕ ಮೇವನ್ನು ವಾಪಸು ಕೊಡುವಾಗ ಚೀಲದ ಬುಡದಲ್ಲಿ ಬೆಣಚುಕಲ್ಲು ಇರುತ್ತಿತ್ತು ಎಂದಳು. ಅನ್ಸೆಲ್ಮೊನ ಸ್ವಂತ ತಮ್ಮ ಬಂದು ಎರಡು ಲೋಟ ಕುಡಿದು, ಏನೂ ಹೇಳದೆ, ಅಣ್ಣನನ್ನು ತಬ್ಬಿಕೊಂಡು ಹೋದ. ಅವನು ಏನು ಮಾಡಿದ್ದನೋ ಕೇಳುವ ಧೈರ್ಯ ಅನ್ಸೆಲ್ಮೊಗೆ ಆಗಲಿಲ್ಲ. ಬದುಕು ನಿಂತಿದ್ದ ಎರಡು ಮಾತುಗಳಲ್ಲಿ ಎರಡನೆಯದೂ ಹೋಯಿತು.

ಮೂರನೆಯ ವಾರ ಕಮ್ಮಾರ ಸೆಫೆರೀನೊ ಬಂದ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ತಿರುವುತ್ತಿದ್ದ. ಬಿಯರು ಕೊಟ್ಟರೆ ಮೊದಲು ಹೇಳಿಬಿಡುತ್ತೇನೆ ಎಂದ.

“ನಿಮ್ಮ ತಕ್ಕಡಿ ಹಾಳು ಮಾಡಿದ್ದು ನಾನೇ ಇರ್ಬೇಕು. ಆ ಫಲಕ ಕೂರಿಸೋಕೆ ಬೋಲ್ಟು ಒಳಗೆ ಹೋಗ್ತಿರ್ಲಿಲ್ಲ. ಗುಂಡಿನ ಹೊಟ್ಟೆ ತುಂಬ ಸೀಸ. ಕಾಯಿಸಿ ಸುರಿದುಬಿಟ್ಟೆ. ಶೋಕಿಗೆ ಇಡೋ ಸಾಮಾನು, ಇನ್ನೇನು ತೂಗ್ತಾರೆ ಅಂದ್ಕೊಂಡೆ.”

ಇಬ್ಬರೂ ಸೇರಿ ಫಲಕ ಬಿಚ್ಚಿದರು. ಹಿಂದೆ ಬೆರಳು ಮುಳುಗುವಷ್ಟು ಆಳದ ಖಾಲಿ ತೂತು. ತೆಗೆದ ಸೀಸದಿಂದ ಸೆಫೆರೀನೊ ಮೀನಿನ ಗಾಳಕ್ಕೆ ಗುಂಡು ಮಾಡಿಕೊಂಡಿದ್ದ. ಅವನ್ನೇ ಕರಗಿಸಿ ತೂತು ತುಂಬಿ, ತಿರುಪು ತಿರುಗಿಸಿ ಕೋಲನ್ನು ಮತ್ತೆ ಸೊನ್ನೆಗೆ ತಂದರು. ಐದು ಪೊಟ್ಟಣ ಇಟ್ಟರೆ ಐದು ಕಿಲೊ. ಸಂಘದಲ್ಲಿದ್ದಷ್ಟು ಕಾಲ ತಕ್ಕಡಿ ಸತ್ಯವನ್ನೇ ಹೇಳಿತ್ತು. ಒಂದು ಗ್ರಾಮೂ ತಪ್ಪಲಿಲ್ಲ ಎಂದು ಹೊಗಳಲು ಹೋಗಿ ಅದನ್ನು ಕೆಡಿಸಿದ್ದರು.

ಅನ್ಸೆಲ್ಮೊ ಸೆಫೆರೀನೊನ ಎರಡೂ ಕೈ ಹಿಡಿದು ಕುಲುಕಿದ. ಈ ವಿಷಯ ತಾನೇ ಭಾನುವಾರ ಹೇಳುತ್ತೇನೆ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದ. ಟೈ ತೆಗೆದಿಟ್ಟುಕೊಂಡ. ಹೇಳುವ ಮಾತನ್ನು ಸುಲೇಮಾಳ ಮುಂದೆ ಎರಡು ಸಲ ಹೇಳಿ ನೋಡಿದ. ಚೆನ್ನಾಗಿದೆ, ಸ್ವಲ್ಪ ಚಿಕ್ಕದು ಮಾಡು ಎಂದಳು.

ಭಾನುವಾರ ಕೊಟ್ಟಿಗೆಯಲ್ಲಿ ಎಂದಿಗಿಂತ ಹೆಚ್ಚು ಜನ ಇದ್ದರು. ಲಾಲೊನೂ ಬಂದಿದ್ದ. ಬೆನಿಗ್ನೊ ಅವನನ್ನು ಕೈ ಹಿಡಿದು ಎಳೆದು ತಂದು ನಿಲ್ಲಿಸಿದ. ಲಾಲೊ ನೆಲ ನೋಡುತ್ತ, ಆ ಟಾರ್ಪಾಲಿನ ಕೆಳಗೆ ಬಹಳ ಸೆಕೆಯಾಗುತ್ತಿತ್ತು ಎಂದ. ಅದೇ ಅವನ ಕ್ಷಮೆ. ಅರ್ಮಿಂದಾ ಮನೆಯಲ್ಲಿ ಮಾಡಿದ ಕುಂಬಳದ ಸಿಹಿ ತಂದು ಅನ್ಸೆಲ್ಮೊನ ಮುಂದಿಟ್ಟಳು. ಗೋಧಿಗೆ ನೀರು ಹಿಡಿದವನು ತನ್ನ ಕುರ್ಚಿ ಬಿಟ್ಟುಕೊಟ್ಟ. ಮೂವತ್ತೊಂದು ವರ್ಷದಲ್ಲಿ ಯಾರೂ ಅವನ ಪಕ್ಕ ಕೂರಲು ಹೀಗೆ ಜಾಗ ಮಾಡಿರಲಿಲ್ಲ ಎಂದು ಅನ್ಸೆಲ್ಮೊಗೆ ಅಲ್ಲಿ ಕೂತಾಗ ಹೊಳೆಯಿತು. ಆಗೆಲ್ಲ ಅವನು ಬಂದರೆ ಮಾತು ನಿಲ್ಲುತ್ತಿತ್ತು.

“ಎದ್ದು ಹೇಳು,” ಅಂದಳು ಸುಲೇಮಾ, ಮೊಣಕೈಯಿಂದ ತಿವಿದು.

ಅನ್ಸೆಲ್ಮೊ ಎದ್ದ. ಸುತ್ತಲಿನ ಮಾತು ನಿಂತಿತು. ಎಲ್ಲರೂ ಅವನ ಕಡೆ ನೋಡುತ್ತಿದ್ದರು, ತಮ್ಮವನನ್ನು ನೋಡುವ ಹಾಗೆ. ತನ್ನ ತಕ್ಕಡಿಯಲ್ಲಿ ತಪ್ಪಿರಲಿಲ್ಲ ಎಂದು ಈಗ ಹೇಳಿದರೆ ಈ ಕೊಟ್ಟಿಗೆಯಲ್ಲಿ ತಪ್ಪಿಲ್ಲದವನು ತಾನೊಬ್ಬನೇ ಆಗುತ್ತೇನೆ ಅನಿಸಿತು. ಲಾಲೊ ಇನ್ನೂ ನಿಂತೇ ಇದ್ದ. ಮೂಲೆಯಲ್ಲಿ ಸೆಫೆರೀನೊ ಟೊಪ್ಪಿ ತಿರುವುತ್ತಿದ್ದ. ಅನ್ಸೆಲ್ಮೊ, ಕಾಳನ್ನು ಗಿರಣಿಗೆ ಹಾಕುವ ಮೊದಲು ಅದರ ಮೇಲೆ ಎರಡು ಹಿಡಿ ನೀರು ಚಿಮುಕಿಸಿ ಕಾಲು ಗಂಟೆ ಬಿಡಬೇಕು, ಸಿಪ್ಪೆ ಮುರಿಯುವುದಿಲ್ಲ ಎಂದ. ಊರಿನ ನೀರಿಗೆ ಹುಳಿ ಎಷ್ಟು ಹನಿ ಎಂದೂ ಹೇಳಿದ. ಅಷ್ಟು ಹೇಳಿ ಕೂತ. ಜನ ಚಪ್ಪಾಳೆ ತಟ್ಟಿದರು. ಸುಲೇಮಾ ಗಂಡನ ಮುಖ ನೋಡಿ ಅವನ ತಟ್ಟೆಗೆ ಕುಂಬಳದ ಸಿಹಿ ಹಾಕಿದಳು.

ಬೆನಿಗ್ನೊ ಹಾಳೆ, ಪೆನ್ನು ತಂದ. ಅನ್ಸೆಲ್ಮೊ ಇಳುವರಿಯ ಜಾಗದಲ್ಲಿ ಎಂಬತ್ತಾರು ಎಂದು ಬರೆದ. ಬೆನಿಗ್ನೊ ಓದಿದ, ಮತ್ತೆ ಓದಿದ, ಅನ್ಸೆಲ್ಮೊನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದ.

“ಎಂಬತ್ತಾರಂತೆ ಕಣ್ರಪ್ಪಾ,” ಅಂದ ಎಲ್ಲರಿಗೂ ಕೇಳುವ ಹಾಗೆ. ನಗು ಎದ್ದಿತು. ಬಿರ್ಗಿಟ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಪುಸ್ತಕ ಅನ್ಸೆಲ್ಮೊನ ಕೋಟಿನ ಜೇಬಿನಲ್ಲೇ ಇತ್ತು, ಲೆಕ್ಕವೆಲ್ಲ ಅದರಲ್ಲಿತ್ತು. ಕೈ ಜೇಬಿನ ತನಕ ಹೋಯಿತು.

“ಹೆಚ್ಚುಕಡಿಮೆ ಅಷ್ಟೇ,” ಅಂದ ಅವನು, ಮಾಂಸಕ್ಕೆ ತಟ್ಟೆಯನ್ನು ಮುಂದೆ ಚಾಚುತ್ತ.